ಅಪ್ಪನ ಮೊಳೆ, ನನ್ನ ಅಕ್ಷರ

'ಏನ್ ಕಲಸ್ತಾರವಾ ನಿಮಗ ಅಲ್ಲಿ?'

ನಾಲ್ಕು ವರ್ಷಗಳಿಂದ ಪ್ರತಿ ರಜೆಯಲ್ಲೂ ಅಪ್ಪ ಕೇಳುವ ಪ್ರಶ್ನೆ ಇದು. 'ಗ್ರಾಫಿಕ್ ಡಿಸೈನ್' ಎಂಬ ಉತ್ತರದಿಂದ ಅವರಿಗೆ ಎಂದೂ ಸಮಾಧಾನವಾಗಿಲ್ಲ. ಮದುವೆ ಕಾರ್ಡು, ಬ್ಯಾನರು ಮಾಡುವುದನ್ನು ಕಲಿಯಲು ಬೆಂಗಳೂರಿಗೆ ಹೋಗಬೇಕೆ, ನಮ್ಮ ಅಂಗಡಿಯ ಹುಡುಗ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾನಲ್ಲ ಎಂಬುದು ಅವರ ವಾದ. ಹಾಗೆ ಕೇಳುವ ಹಕ್ಕು ಅವರಿಗಿದೆ ಬಿಡಿ. ನನ್ನ ಶುಲ್ಕಕ್ಕೆ ಸಾಲ ಮಾಡಿದವರು ಅವರು. ಮೇಲಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಅಕ್ಷರಗಳ ನಡುವೆಯೇ ಬದುಕಿದವರು.

ನಮ್ಮದು 'ಮುದ್ರಣ ಕಾಶಿ' ಎಂದು ಹೆಸರಾದ ಗದಗ. ಅಪ್ಪ ಹದಿನಾರನೆಯ ವಯಸ್ಸಿಗೇ ಮೊಳೆ ಜೋಡಿಸಲು ನಿಂತವರು. ಸೀಸದ ಮೊಳೆಗಳಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗ. ಅದನ್ನು ಹಾಗೆಯೇ ಓದುತ್ತಾ, ಬೆರಳ ತುದಿಯಿಂದಲೇ ಗುರುತಿಸುತ್ತಾ ಸಾಲು ಕಟ್ಟಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅವುಗಳ ದೊಡ್ಡ ರೂಪ, ಚಿಕ್ಕ ರೂಪ, ಅಲ್ಲಿಗೆ ಮುಗಿಯಿತು. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತಕ್ಷರ ಬೇಕು, ಅರ್ಕಾವೊತ್ತು ಬೇಕು. ಹಾಗಾಗಿ ಕನ್ನಡದ ಮೊಳೆಪೆಟ್ಟಿಗೆಯಲ್ಲಿ ನೂರಾರು ಗೂಡುಗಳು. ಆಮೇಲೆ ಕಂಪ್ಯೂಟರ್ ಬಂತು, ಆಫ್‌ಸೆಟ್ ಬಂತು, ಫ್ಲೆಕ್ಸ್ ಬಂತು. ನಾನು ಮೂರನೇ ತರಗತಿಯಲ್ಲಿದ್ದಾಗ ಮೊಳೆಗಳೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಆ ದಿನ ಅಪ್ಪ ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ಪಿಯುಸಿ ಮುಗಿದಾಗ ನನಗೆ ಚಿತ್ರ ಬರೆಯುವ ಹುಚ್ಚು. ಬಿ.ವಿ.ಎ. ಸೇರಿ, ಅದರಲ್ಲಿ ಅನ್ವಯಿಕ ಕಲೆಯನ್ನು ಆರಿಸಿಕೊಂಡೆ. ಮಕ್ಕಳನ್ನು ಈ ದಾರಿಗೆ ಕಳಿಸುವ ಯೋಚನೆಯಲ್ಲಿರುವ ತಂದೆ ತಾಯಿಯರಿಗೆ ಒಂದು ಮಾತು: ಇದಕ್ಕೆ ಇಂಥದೇ ವಿಭಾಗದಲ್ಲಿ ಪಿಯುಸಿ ಮಾಡಿರಬೇಕೆಂದಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಇವೆಲ್ಲ ನಮ್ಮಲ್ಲೇ ಇವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಐಐಟಿಗಳ ವಿನ್ಯಾಸ ಪದವಿಗೆ 2015ರಿಂದ 'ಯುಸೀಡ್' ಪರೀಕ್ಷೆ ಇದೆ. ನನಗೆ ಇವೆರಡರ ವಿಷಯ ಗೊತ್ತಾಗುವ ಹೊತ್ತಿಗೆ ಅರ್ಜಿಯ ಗಡುವು ಮುಗಿದಿತ್ತು! ನಿಮ್ಮ ಮಕ್ಕಳಿಗೆ ಹಾಗಾಗದಿರಲಿ.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ 'ಚೆಂದ' ಮಾಡುವ ಕೆಲಸ. ಬಣ್ಣ ಚೆಂದ, ವಿನ್ಯಾಸ ಚೆಂದ, ಗೆಳತಿಯರ ಮೆಚ್ಚುಗೆ ಇನ್ನೂ ಚೆಂದ. ರೂಪಾಯಿಯ ಚಿಹ್ನೆ ರೂಪಿಸಿದ ಉದಯಕುಮಾರ್ ಅವರ ಕಥೆಯನ್ನು ಅಪ್ಪನಿಗೆ ಹೇಳಿ ಬೀಗಿದ್ದೂ ಉಂಟು. 2010ರಲ್ಲಿ ಕೇಂದ್ರ ಸರ್ಕಾರ ಆ ಚಿಹ್ನೆಯನ್ನು ಒಪ್ಪಿಕೊಂಡಿತು, ಬಹುಮಾನ ಎರಡೂವರೆ ಲಕ್ಷ ರೂಪಾಯಿ. ಅಪ್ಪ ಕೇಳಿಸಿಕೊಂಡು, 'ಛಲೋ ಐತಿ. ಓದಾಕ ಬರ್ತೈತಿ' ಎಂದಷ್ಟೇ ಹೇಳಿದ್ದರು. ಆ ಎರಡನೆಯ ಮಾತಿನ ತೂಕ ನನಗೆ ಅಂದು ತಿಳಿಯಲಿಲ್ಲ.

ಒಡೆದ ಒತ್ತಕ್ಷರ

ಮೂರನೆಯ ವರ್ಷ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಎರಡು ತಿಂಗಳ ತರಬೇತಿ. ತಿಂಡಿಯ ಪೊಟ್ಟಣವೊಂದರ ವಿನ್ಯಾಸ ಇಂಗ್ಲಿಷಿನಲ್ಲಿ ಪೂರ್ತಿ ಮುಗಿದಿತ್ತು. 'ಇಲ್ಲಿ ಕನ್ನಡ ಹಾಕು' ಎಂದರು. ಜಾಗವೋ, ಒಂದು ಬೆರಳಗಲ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಹೊಂದಿಸಿದ್ದರು. ಕನ್ನಡದಲ್ಲಿ ಗುಡಿಸು ಮೇಲೆ ಹೋಗುತ್ತದೆ, ಒತ್ತು ಕೆಳಗಿಳಿಯುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕುಳಿತಿತ್ತು. ಅದೂ ಹೋಗಲಿ ಎಂದರೆ, ಆ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಒಂದು ಆಯ್ಕೆಯನ್ನು ಯಾರೂ ಒತ್ತಿರಲಿಲ್ಲ. ಅದನ್ನು ಒತ್ತದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ. 'ಸ್ವಾದ' ಎಂಬುದು 'ಸ್‌ವಾದ' ಆಗಿ, 'ಪುಷ್ಟಿ' 'ಪುಷ್‌ಟಿ' ಆಗಿ ನಿಂತಿದ್ದವು.

ಹಿರಿಯರೊಬ್ಬರಿಗೆ ತೋರಿಸಿದೆ. 'ಅದನ್ನು ಯಾರು ಓದುತ್ತಾರೆ? ನಾಳೆ ಕಳಿಸಬೇಕು' ಎಂದರು. ನಾನು ಸುಮ್ಮನಾದೆ. ಆ ಆಯ್ಕೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅರ್ಧ ಗಂಟೆ ಹೆಚ್ಚು ಕುಳಿತಿದ್ದರೆ ಸರಿಪಡಿಸಬಹುದಿತ್ತು. ಆದರೆ ಪ್ರಮಾಣಪತ್ರ ಕೈಗೆ ಬರಬೇಕಿತ್ತಲ್ಲ!

ಕೆಲವು ತಿಂಗಳ ನಂತರ ಅದೇ ಪೊಟ್ಟಣ ನಮ್ಮ ಓಣಿಯ ಅಂಗಡಿಯಲ್ಲಿ ನೇತಾಡುತ್ತಿತ್ತು. ಅಪ್ಪ ಕೊಂಡು ತಂದು, ಕನ್ನಡಕ ಏರಿಸಿ, ಒಡೆದ ಅಕ್ಷರದ ಮೇಲೆ ಬೆರಳಿಟ್ಟು, 'ಇದನ್ನ ಯಾರ್ ಮಾಡ್ಯಾರವಾ? ಮೊಳೆ ಹಿಡಿದು ಒಂದು ತಿಂಗಳಾದ ಹುಡುಗನೂ ಹಿಂಗ ಮಾಡ್ತಿರಲಿಲ್ಲ' ಎಂದರು. ನಾನು ಮಾಡಿದ್ದು ಎಂದು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಈ ಲೇಖನ ಓದಿದಾಗ ಗೊತ್ತಾಗುತ್ತದೆ.

ತಂಬಿಗೆಯೋ, ಲೋಟವೋ?

ಕೊನೆಯ ವರ್ಷದ ಯೋಜನೆಗೆ ನಾನು ಆರಿಸಿಕೊಂಡದ್ದು ಓಆರ್‌ಎಸ್ ಕಲಸುವ ವಿಧಾನ ತಿಳಿಸುವ ಭಿತ್ತಿಪತ್ರ. ಮಕ್ಕಳಿಗೆ ಭೇದಿಯಾದಾಗ ಕೊಡುವ ಉಪ್ಪು ಸಕ್ಕರೆಯ ಆ ಪುಡಿ ನಿಮಗೆಲ್ಲ ಗೊತ್ತು. ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ. ಅದನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಕಲಸಬೇಕು, 24 ಗಂಟೆಯೊಳಗೆ ಬಳಸಬೇಕು. ನೀರು ಕಡಿಮೆಯಾದರೆ ಉಪ್ಪಿನಂಶ ಅತಿಯಾಗಿ ಮಗುವಿಗೆ ಅಪಾಯ.

ನಾನು ಬರೆದ ಚಿತ್ರ ಸೊಗಸಾಗಿತ್ತು ಎಂದು ಈಗಲೂ ಹೇಳುತ್ತೇನೆ. ಹೊಳೆಯುವ ಸ್ಟೀಲ್ ಲೋಟ, ಅದರ ಮೇಲೆ ಬಾಗಿದ ಕೈ, ಕೈಯಿಂದ ಸುರಿಯುವ ಪುಡಿ. 'ಒಂದು ಲೀಟರ್ ನೀರಿಗೆ' ಎಂಬ ಸಾಲು ಕೆಳಗೆ, ತೆಳುವಾದ ಅಕ್ಷರದಲ್ಲಿ. ತರಗತಿಯಲ್ಲಿ ಒಳ್ಳೆಯ ಅಂಕವೂ ಬಂತು. ಊರಿಗೆ ಬಂದಾಗ ಅಮ್ಮನ ಪರಿಚಯದ ಅಂಗನವಾಡಿಯೊಂದಕ್ಕೆ ಒಯ್ದು ಗೋಡೆಗೆ ಅಂಟಿಸಿದೆ. ಮಗುವನ್ನು ಎತ್ತಿಕೊಂಡು ಬಂದಿದ್ದ ತಾಯಿಯೊಬ್ಬಳು ಚಿತ್ರವನ್ನೇ ದಿಟ್ಟಿಸಿ, 'ಹಂಗಾರ ಒಂದು ಗ್ಲಾಸಿಗೆ ಒಂದು ಪಾಕೀಟು ಹಾಕೂದೇನ್ರಿ?' ಎಂದಳು.

ನನ್ನ ಎದೆ ಧಸಕ್ಕೆಂದಿತು. ಅವಳು ಕೇಳಿದಳು, ಆದ್ದರಿಂದ ತಿಳಿಯಿತು. ಕೇಳದೆ ಮನೆಗೆ ಹೋಗುವವರು? ಇನ್ನೂ ಗೊಂದಲವೆಂದರೆ, ಔಷಧಿ ಅಂಗಡಿಗಳಲ್ಲಿ 200 ಮಿಲಿಲೀಟರ್ ನೀರಿಗೆ ಕಲಸುವ ಚಿಕ್ಕ ಪೊಟ್ಟಣಗಳೂ ಸಿಗುತ್ತವೆ. ಚಿತ್ರ ನೋಡಿದವರು ಯಾವುದನ್ನು ಯಾವುದಕ್ಕೆ ಹೊಂದಿಸಿಯಾರು? ಆ ಕ್ಷಣವೇ ಅದನ್ನು ಗೋಡೆಯಿಂದ ಕಿತ್ತು ಸುತ್ತಿಟ್ಟೆ.

ಇದರಲ್ಲೊಂದು ತಮಾಷೆಯೂ ಇದೆ. ವಿನ್ಯಾಸದ ವಿದ್ಯಾರ್ಥಿಗಳೆಲ್ಲ ಓದುವ ಒಂದು ವರದಿ ಇದೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟದ್ದು. ಅಹಮದಾಬಾದಿನ ಸಂಸ್ಥೆ 1961ರಲ್ಲಿ ಹುಟ್ಟಿದ್ದರ ಹಿಂದೆ ಆ ವರದಿ ಇದೆ. ಅದರಲ್ಲಿ ಅವರು ಎಲ್ಲಕ್ಕಿಂತ ಮೆಚ್ಚಿಕೊಂಡ ಭಾರತೀಯ ವಸ್ತು 'ಲೋಟಾ'. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಸುರಿದರೆ ಹೇಗೆ ಹರಿಯಬೇಕು ಎಂಬುದನ್ನೆಲ್ಲ ತಲೆಮಾರುಗಳು ತಿದ್ದಿ ತೀಡಿದ ಪಾತ್ರೆ ಅದು ಎಂಬ ಹೊಗಳಿಕೆ. ಆ ಲೋಟಾ ನಮ್ಮ ಕಡೆಯ ತಂಬಿಗೆ, ಮೈಸೂರು ಕಡೆಯ ಚೊಂಬು. ಬೆಂಗಳೂರಿನಲ್ಲಿ ಲೋಟ ಎಂದರೆ ನೀರು ಕುಡಿಯುವ ಪಾತ್ರೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಎರಡು ಪುಟ ಬರೆದವಳು ನಾನೇ. ಆದರೂ ನನ್ನ ಚಿತ್ರದ ಪಾತ್ರೆ ಎಷ್ಟು ನೀರು ಹಿಡಿಯುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ ನೋಡಿ!

ಮುಂದೇನು ಎಂದು ಎಲ್ಲರೂ ಕೇಳುತ್ತಾರೆ. 'ಈಗ ಕಂಪ್ಯೂಟರೇ ಚಿತ್ರ ಬರೆಯುತ್ತದಂತಲ್ಲ, ನಿನಗೆ ಕೆಲಸ ಸಿಗುತ್ತದಾ?' ಎಂಬುದು ನೆಂಟರ ಪ್ರಶ್ನೆ. ಹೆದರಿಕೆ ನನಗೂ ಇದೆ, ಸುಳ್ಳೇಕೆ ಹೇಳಲಿ? ಎರಡು ದಿನದ ಕೆಲಸವನ್ನು ಕೃತಕ ಬುದ್ಧಿಮತ್ತೆ ಎರಡು ನಿಮಿಷದಲ್ಲಿ ಮಾಡಿದ್ದನ್ನು ಕಂಡಿದ್ದೇನೆ. ಕುತೂಹಲಕ್ಕೆ ಓಆರ್‌ಎಸ್ ಭಿತ್ತಿಪತ್ರವನ್ನೂ ಅದರ ಕೈಯಲ್ಲಿ ಮಾಡಿಸಿ ನೋಡಿದೆ. ಅದೂ ಒಂದು ಲೋಟವನ್ನೇ ಬರೆದುಕೊಟ್ಟಿತು. ನನ್ನದಕ್ಕಿಂತ ಹೆಚ್ಚು ಹೊಳೆಯುವ ಲೋಟ.

ಮೊಬೈಲ್ ತೆರೆಗಳನ್ನು ವಿನ್ಯಾಸ ಮಾಡುವ ಕೆಲಸ ಬೆಂಗಳೂರಿನಲ್ಲಿ ಸಿಗುವಂತಿದೆ. ಎರಡು ವರ್ಷ ಅಲ್ಲಿರುತ್ತೇನೆ, ಸಾಲ ತೀರಿಸಬೇಕು. ಸಂಜೆಗಳಲ್ಲಿ ಮಾತ್ರ ಒಂದು ಕೆಲಸ ಶುರು ಮಾಡಬೇಕೆಂದಿದ್ದೇನೆ: ಚಿಕ್ಕ ಗಾತ್ರದಲ್ಲೂ, ಅಗ್ಗದ ಕಾಗದದಲ್ಲೂ ಓದಲು ಬರುವ ಒಂದು ಕನ್ನಡ ಅಕ್ಷರಮಾದರಿ. ಔಷಧದ ಚೀಟಿ, ಬಿತ್ತನೆ ಬೀಜದ ಚೀಲ, ಪಡಿತರದ ಫಲಕ ಇಂಥವುಗಳಿಗೆ. ಮೂವತ್ತನಾಲ್ಕು ವ್ಯಂಜನ, ಅವುಗಳ ಕಾಗುಣಿತ, ಒಂದೊಂದರ ಒತ್ತು. ಬರೆಯಬೇಕಾದ ಆಕಾರಗಳು ಕೆಲವು ನೂರು. ಇದರಿಂದ ದುಡ್ಡು ಬರುತ್ತದೆಯೇ ಎಂದರೆ, ಬೇಗ ಬರುವುದಿಲ್ಲ. ಅಮ್ಮನಿಗೆ ಇದು ಇಷ್ಟವಿಲ್ಲ. ಅಪ್ಪ ಏನೂ ಹೇಳಿಲ್ಲ.

ಕಳೆದ ವಾರ ಹೊಸ ಭಿತ್ತಿಪತ್ರದ ಕರಡನ್ನು ಅವರ ಮೇಜಿನ ಮೇಲಿಟ್ಟೆ. ಈ ಸಲ ಎಲ್ಲರ ಕೈಯಲ್ಲೂ ಕಾಣುವ ಒಂದು ಲೀಟರ್ ನೀರಿನ ಬಾಟಲಿ, ಪಕ್ಕದಲ್ಲಿ ಅದಕ್ಕೆ ಸಮನಾದ 200 ಮಿಲಿಲೀಟರಿನ ಐದು ಲೋಟ. ಅಕ್ಷರ ದಪ್ಪ, ಸಾಲುಗಳ ನಡುವೆ ಒತ್ತಿಗೆ ಬೇಕಾದಷ್ಟು ಜಾಗ. ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ಸಿಲ್ ತೆಗೆದು 'ಭೇದಿ'ಯ 'ಭ'ಕ್ಕೆ, 'ಅರ್ಧ ಪೊಟ್ಟಣ ಬೇಡ' ಎಂಬಲ್ಲಿಯ 'ಧ'ಕ್ಕೆ ಒಂದೊಂದು ಸುತ್ತು ಹಾಕಿದರು. ಮಹಾಪ್ರಾಣದ ಸೀಳು ಕಿರಿದಾಯಿತು, ಈ ಕಾಗದದ ಮೇಲೆ ಶಾಯಿ ಹರಡಿ ಸೀಳು ಮುಚ್ಚಿ 'ಬ' ಆಗುತ್ತದೆ, 'ದ' ಆಗುತ್ತದೆ, ಇನ್ನಷ್ಟು ಅಗಲಿಸು ಎಂದರು. ಕಾಲೇಜಿನಲ್ಲಿ ಯಾರೂ ಹೇಳದ ಮಾತು. ರಾತ್ರಿ ಕುಳಿತು ಎರಡನ್ನೂ ತಿದ್ದಿದೆ.

ಬೆಳಿಗ್ಗೆ ಯಂತ್ರದ ಮುಂದೆ ನಿಂತು, 'ಎಷ್ಟು ಹೊಡೀಲಿ?' ಎಂದರು.

'ಈಗ ಹತ್ತು ಸಾಕು. ಅಂಗನವಾಡಿಯಾಗ ತೋರಿಸಿ ಬರ್ತೀನಿ' ಎಂದೆ.