ಅಚ್ಚಾಗದ ಅಂಗಿಯೇ ಬಂಡವಾಳ

ಸಾಗರದ ಮಾರಿಕಾಂಬಾ ಜಾತ್ರೆ ನಡೆಯುವುದು ಮೂರು ವರ್ಷಕ್ಕೊಮ್ಮೆ, ಅದೂ ಒಂಬತ್ತು ದಿನ. 2020ರ ಫೆಬ್ರುವರಿಯಲ್ಲಿ ಮುಗಿದದ್ದು ಮತ್ತೆ ಬಂದದ್ದು 2023ರ ಫೆಬ್ರುವರಿಗೆ. ದೇವಿ ತವರುಮನೆಯಿಂದ ಗಂಡನ ಮನೆಗೆ ಹೊರಟಳೆಂದರೆ ಊರಿಗೆ ಊರೇ ಪೇಟೆಯಾಗುತ್ತದೆ. ಬಳೆ, ಬೆಂಡು ಬತ್ತಾಸು, ಪಾತ್ರೆ ಪಗಡ, ತೊಟ್ಟಿಲು ಎಲ್ಲಕ್ಕೂ ಗಿರಾಕಿ ಇದ್ದಾರೆ. ಈ ಒಂಬತ್ತು ದಿನ ನಂಬಿಕೊಂಡು ವ್ಯಾಪಾರಿಯೊಬ್ಬ ಜಾತ್ರೆಯ ಹೆಸರು, ಇಸವಿ ಹಾಕಿಸಿದ ಐನೂರು ಟೀ ಶರ್ಟ್ ತಂದ ಎಂದುಕೊಳ್ಳಿ. ಮುನ್ನೂರು ಖರ್ಚಾದವು. ಉಳಿದ ಇನ್ನೂರನ್ನು ಹತ್ತನೆಯ ದಿನ ಯಾರೂ ಮುಟ್ಟಿ ನೋಡುವುದಿಲ್ಲ. ತೀರ್ಥಹಳ್ಳಿಗೆ ಒಯ್ದರೆ ನಗುತ್ತಾರೆ, ಮುಂದಿನ ಜಾತ್ರೆಗೆ ಕಟ್ಟಿಟ್ಟರೆ ಇಸವಿ ಹಳತಾಗಿರುತ್ತದೆ. ಮಾರಿದ ಮುನ್ನೂರರ ಲಾಭ ಮಾರದ ಇನ್ನೂರರಲ್ಲಿ ಹೂತುಹೋಯಿತು. ಬಳೆ ಮಾರುವವರಿಗೆ ಈ ತಾಪತ್ರಯವಿಲ್ಲ. ಉಳಿದ ಬಳೆ ಮುಂದಿನ ಊರಿಗೂ ನಡೆಯುತ್ತದೆ. ಅಂಗಿಗೆ ಚಿತ್ರ ಒತ್ತುವ ಹೀಟ್ ಪ್ರೆಸ್ ಯಂತ್ರದ ನಿಜವಾದ ಬೆಲೆ ಇಲ್ಲಿದೆ ಎಂಬುದು ನನ್ನ ವಾದ. ಅಂಗಿಯ ಮೇಲೆ ಏನಿರಬೇಕು ಎಂಬ ತೀರ್ಮಾನವನ್ನು ಗಿರಾಕಿ ಎದುರಿಗೆ ಬಂದು ನಿಲ್ಲುವವರೆಗೂ ಮುಂದಕ್ಕೆ ಹಾಕಲು ಅದು ಬಿಡುತ್ತದೆ. ಜಾತ್ರೆಗಳ ನಡುವೆ ಇಷ್ಟೊಂದು ಅಂತರವಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಈ ಸವಲತ್ತು ದೊಡ್ಡ ಊರುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಯಂತ್ರದಲ್ಲಿ ಮಾಯೆ ಏನೂ ಇಲ್ಲ. ಕೆಳಗೊಂದು ಹಲಗೆ, ಮೇಲೊಂದು ಕಾಯುವ ತಟ್ಟೆ, ಒತ್ತಲು ಹಿಡಿ. ಹದಿನೈದು ಇಂಚು ಚೌಕದ್ದು ಸಾಮಾನ್ಯವಾಗಿ ಸಿಗುವ ಅಳತೆ. ಚಿತ್ರವನ್ನು ಮೊದಲೇ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಮುದ್ರಿಸಿ, ಹಿಂಬದಿಗೆ ಅಂಟಿನ ಪುಡಿ ಹಾಯಿಸಿ ಕಾಯಿಸಿರುತ್ತಾರೆ. ವ್ಯಾಪಾರದವರು ಇದಕ್ಕೆ ಡಿಟಿಎಫ್ ಎನ್ನುತ್ತಾರೆ. ಅಂಗಿಯನ್ನು ಹಲಗೆಯ ಮೇಲೆ ಹರವಿ, ಮೊದಲು ನಾಲ್ಕೈದು ಸೆಕೆಂಡು ಬರಿದೇ ಒತ್ತಬೇಕು. ಹತ್ತಿ ಬಟ್ಟೆ ಹೀರಿಕೊಂಡ ತೇವ ಆಗ ಹಬೆಯಾಗಿ ಹೋಗುತ್ತದೆ. ಆಮೇಲೆ ಫಿಲ್ಮ್ ಇಟ್ಟು 150ರಿಂದ 160 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹತ್ತು ಹದಿನೈದು ಸೆಕೆಂಡು ಒತ್ತಿ, ಫಿಲ್ಮ್ ಸುಲಿದು, ಮೇಲೆ ಟೆಫ್ಲಾನ್ ಹಾಳೆ ಹೊದಿಸಿ ಇನ್ನೊಂದು ಸಲ ಒತ್ತಿದರೆ ಕೆಲಸ ಮುಗಿಯಿತು. ಹಬೆ ಹೋಗುವ ಮೊದಲೇ ಅವಸರಪಟ್ಟು ಫಿಲ್ಮ್ ಇಟ್ಟವರ ಅಚ್ಚಿನ ಅಂಚು ನಾಲ್ಕು ಒಗೆತಕ್ಕೇ ಏಳತೊಡಗುತ್ತದೆ. ಸಬ್ಲಿಮೇಷನ್ ಎಂಬ ಇನ್ನೊಂದು ವಿಧಾನದಲ್ಲಿ ಸುಮಾರು 200 ಡಿಗ್ರಿ ಕಾವಿಗೆ ಬಣ್ಣ ಆವಿಯಾಗಿ ನೂಲಿನೊಳಗೇ ಇಳಿಯುತ್ತದೆ, ಏಳುವ ಭಯವಿಲ್ಲ. ಆದರೆ ಅದು ಹಿಡಿಯುವುದು ಪಾಲಿಯೆಸ್ಟರಿಗೆ ಮಾತ್ರ, ಅದೂ ಬಿಳಿ ಅಥವಾ ತಿಳಿಬಣ್ಣದ್ದಕ್ಕೆ. ಕ್ರಿಕೆಟ್ ಜೆರ್ಸಿಗೆ ಅದು ಸರಿ. ಹತ್ತಿಯ ಕಪ್ಪು ಅಂಗಿಗೆ ಡಿಟಿಎಫ್ಫೇ ಬೇಕು.

ಈಗ ಲೆಕ್ಕ ನೋಡಿ. ಹತ್ತು ಬಗೆಯ ಚಿತ್ರ, ಎರಡು ಬಣ್ಣ, ಐದು ಸೈಜು. ಅಚ್ಚು ಹಾಕಿಸಿಯೇ ತರುವುದಾದರೆ ನೂರು ಬಗೆಯ ಅಂಗಿ ಜೋಡಿಸಿಡಬೇಕು. ಬಗೆಗೆ ಐದರಂತೆ ಇಟ್ಟರೂ ಐನೂರು ಅಂಗಿಯ ದುಡ್ಡು ಕಟ್ಟಿಬೀಳುತ್ತದೆ. ಅಷ್ಟಾದರೂ ಯಾರೋ ಬಂದು, ‘ಇದೇ ಚಿತ್ರ, ಕಪ್ಪು, ಎಕ್ಸೆಲ್ ಇಲ್ವಾ?’ ಎಂದು ಕೇಳುವುದು ತಪ್ಪುವುದಿಲ್ಲ. ಪ್ಲೇನ್ ಅಂಗಿಯಾದರೆ ಹತ್ತೇ ಬಗೆ. ಬಗೆಗೆ ಇಪ್ಪತ್ತು ಇಟ್ಟರೂ ಇನ್ನೂರು ಅಂಗಿ ಸಾಕು, ಅದರಲ್ಲಿ ಯಾವುದರ ಮೇಲೆ ಯಾವ ಚಿತ್ರ ಬೇಕಾದರೂ ಕೂರುತ್ತದೆ. ಜಾತ್ರೆ ಮುಗಿದಾಗ ಉಳಿಯುವುದು ಊರು ಇಸವಿ ಇಲ್ಲದ ಬರಿ ಅಂಗಿ ಮತ್ತು ಒಂದಿಷ್ಟು ಫಿಲ್ಮ್. ಫಿಲ್ಮ್ ಎಸೆದರೂ ನಷ್ಟ ಅಲ್ಪ. ಅಂಗಿ ಡಿಸೆಂಬರ್–ಜನವರಿಯ ತೀರ್ಥಹಳ್ಳಿ ಎಳ್ಳಮಾವಾಸ್ಯೆಗೆ, ಸಂಕ್ರಾಂತಿಯ ಸಿಗಂದೂರಿಗೆ, ಫಾಲ್ಗುಣದ ಹೊಂಬುಜದ ರಥೋತ್ಸವಕ್ಕೆ ಬೇರೆ ಬೇರೆ ಹೆಸರು ಹೊತ್ತುಕೊಂಡು ಹೋಗುತ್ತದೆ. ಸಿಗಂದೂರಿಗಂತೂ 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಯಂತ್ರ, ಜನರೇಟರು ಹೇರಿದ ಗಾಡಿ ಲಾಂಚಿನ ಸರತಿಗೆ ಕಾಯಬೇಕಾಗಿಲ್ಲ.

ಹೇಳಿದಷ್ಟು ಸುಲಭವಲ್ಲದ ಒಂದು ತೊಡಕು ನಮ್ಮ ಲಿಪಿಯಲ್ಲಿದೆ. ಇಂಗ್ಲಿಷಿನಲ್ಲಿ ಹೆಸರು ಹಾಕಿಕೊಡುವವರು ಇಪ್ಪತ್ತಾರು ಅಕ್ಷರ, ಹತ್ತು ಅಂಕಿಗಳನ್ನು ಮೊದಲೇ ಕತ್ತರಿಸಿಟ್ಟುಕೊಂಡು ಜೋಡಿಸಿ ಒತ್ತುತ್ತಾರೆ. ಕನ್ನಡದಲ್ಲಿ ಕಾಗುಣಿತವೇ ನಾಲ್ಕು ನೂರು ದಾಟುತ್ತದೆ, ಮೇಲೆ ಒತ್ತಕ್ಷರ ಬೇರೆ. ‘ಲಕ್ಷ್ಮಿ’ ಎಂದು ಬರೆಯಲು ಯಾವ ಡಬ್ಬಿಯಿಂದ ಏನನ್ನು ಆರಿಸುವುದು? ಸ್ಥಳದಲ್ಲೇ ಕನ್ನಡ ಹೆಸರು ಹಾಕಬೇಕೆಂದರೆ ಲ್ಯಾಪ್‌ಟಾಪು, ವಿನೈಲ್ ಹಾಳೆ ಕತ್ತರಿಸುವ ಯಂತ್ರ ಜೊತೆಗಿರಬೇಕು. ಸಣ್ಣ ಒತ್ತುಗಳು ಹಾಳೆ ಬಿಡಿಸುವಾಗ ಕಿತ್ತುಬರುವುದರಿಂದ ದಪ್ಪ ಅಕ್ಷರವನ್ನೇ ಆರಿಸಿಕೊಳ್ಳಬೇಕು. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಯೂನಿಕೋಡಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಕನ್ನಡವನ್ನು ಅರಗಿಸಿಕೊಳ್ಳದ ಡಿಸೈನ್ ತಂತ್ರಾಂಶವಾದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಒತ್ತುವ ಮುಂಚೆ ಹೆಸರನ್ನು ಗಿರಾಕಿಯ ಕಣ್ಣಿಗೇ ತೋರಿಸಿ ಹೂಂ ಅನ್ನಿಸಿಕೊಳ್ಳುವುದು ಕ್ಷೇಮ. ಕಷ್ಟದ ಇನ್ನೊಂದು ಮುಖವೂ ಉಂಟು: ಹೊರಗಿನಿಂದ ಬರುವ ಸಗಟು ವ್ಯಾಪಾರಿ ಮಾಡಲಾಗದ ಕೆಲಸ ಇದೇ. ತಿರುಪ್ಪೂರಿನ ಅಂಗಿ ಎಲ್ಲರಿಗೂ ಸಿಗುತ್ತದೆ, ತಪ್ಪಿಲ್ಲದ ‘ಲಕ್ಷ್ಮಿ’ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ಇದು ನಿಧಾನದ ಕೆಲಸ, ಜಾತ್ರೆಯ ಗದ್ದಲಕ್ಕೆ ಸಲ್ಲದು ಎನ್ನುವವರಿದ್ದಾರೆ. ಮಾತಿನಲ್ಲಿ ತಥ್ಯವಿದೆ. ಆರಿಸಿ, ಅಳತೆ ನೋಡಿ, ಒತ್ತಿ, ಸುಲಿದು ಮುಗಿಯಲು ಒಂದು ಅಂಗಿಗೆ ಮೂರು ನಿಮಿಷವಾದರೆ ಗಂಟೆಗೆ ಇಪ್ಪತ್ತು. ಜನ ಸೇರುವುದು ಸಂಜೆ ಆರರಿಂದ ಹನ್ನೊಂದು. ಒಂದು ಯಂತ್ರದಿಂದ ನೂರಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಆದರೆ ಜಾತ್ರೆಗೆ ಬಂದವರು ಅಂಗಡಿಯ ಮುಂದೆಯೇ ನಿಂತು ಕಾಯಬೇಕೆಂದೇನಿದೆ? ಹಣ ಪಡೆದು, ಚೀಟಿ ಕೊಟ್ಟು, ತೊಟ್ಟಿಲು ಹತ್ತಿ ಬನ್ನಿ ಎಂದರಾಯಿತು. ಒತ್ತುವ ಕೆಲಸ ಕಾಣುವಂತಿದ್ದರೆ ನೋಡಲು ನಿಂತವರಲ್ಲೂ ಕೆಲವರು ಕೊಳ್ಳುತ್ತಾರೆ. ಕಾದ ತಟ್ಟೆ ಮಾತ್ರ ಮಕ್ಕಳ ಕೈಗೆ ಎಟುಕದಷ್ಟು ಹಿಂದಿರಬೇಕು. ನಿಜವಾದ ಇಕ್ಕಟ್ಟು ಇರುವುದು ಕರೆಂಟಿನಲ್ಲಿ. ಈ ಅಳತೆಯ ಯಂತ್ರ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ, ಅಂದರೆ ಆರೇಳು ಆಂಪಿಯರ್. ನಾಲ್ಕು ಬಲ್ಬಿಗೆಂದು ಎಳೆದ ಅಂಗಡಿ ಸಾಲಿನ ತಾತ್ಕಾಲಿಕ ತಂತಿ ಅದನ್ನು ತಾಳುವುದಿಲ್ಲ. ವೋಲ್ಟೇಜ್ ಕುಸಿದರೆ ತಟ್ಟೆ ಮತ್ತೆ ಕಾಯುವುದು ತಡವಾಗುತ್ತದೆ, ಹೊಳೆದಂಡೆಯ ಬಯಲಿನಲ್ಲಿ ಗಾಳಿ ಬೀಸಿದರೆ ಇನ್ನೂ ತಡ. ಜಾಗ ಹಿಡಿಯುವಾಗ ಮುಂಗಟ್ಟಿನ ಅಡಿಗಿಂತ ಮೊದಲು ಕೇಳಬೇಕಾದದ್ದು ಮೆಸ್ಕಾಂ ಸಂಪರ್ಕದ ಲೋಡ್ ಎಷ್ಟು ಎಂದು. ಅದು ಆಗದಿದ್ದರೆ ಎರಡು ಮೂರು ಕೆವಿಎ ಜನರೇಟರಿನ ಬಾಡಿಗೆಯನ್ನು ಬೆಲೆಯಲ್ಲಿ ಸೇರಿಸಿಕೊಳ್ಳಬೇಕು.

ಜಾತ್ರೆಗಳನ್ನೇ ನಂಬಿ ವರ್ಷ ಕಳೆಯುವುದಾದೀತೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಆಗದು. ಎಳ್ಳಮಾವಾಸ್ಯೆಯ ತೀರ್ಥಸ್ನಾನ, ತೇರು, ತುಂಗೆಯ ತೆಪ್ಪೋತ್ಸವ ಎಲ್ಲ ಸೇರಿ ಮೂರು ದಿನ. ಹೊಸನಗರದ ವಾರದ ಸಂತೆಗೆ ಬರುವವರು ತರಕಾರಿ, ಒಣಮೀನು ಕೊಳ್ಳಲು ಬಂದವರು. ಅಲ್ಲಿ ಹೆಸರಿನ ಅಂಗಿ ಮಾರುತ್ತೇನೆಂದು ಕೂತರೆ ಮಧ್ಯಾಹ್ನದ ಹೊತ್ತಿಗೆ ಗಂಟು ಕಟ್ಟಬೇಕಾದೀತು. ಮೇಲಾಗಿ ಜೂನ್ ಬಂತೆಂದರೆ ಬಯಲು ವ್ಯಾಪಾರ ಬಂದ್. ಮಳೆಗೆ ಹೆಸರಾದ ಆಗುಂಬೆ ತೀರ್ಥಹಳ್ಳಿ ತಾಲೂಕಿನದು, ಹುಲಿಕಲ್ ಹೊಸನಗರದ್ದು, ಇನ್ನು ಹೇಳುವುದೇನು. ಆದರೆ ಯಂತ್ರ ಬಯಲಿಗೆ ಅಂಟಿಕೊಂಡದ್ದಲ್ಲ. ಮಳೆಗಾಲದಲ್ಲಿ ಗಣೇಶೋತ್ಸವ ಸಮಿತಿಗಳು ಒಂದೇ ಬಣ್ಣದ ಅಂಗಿ ಕೇಳುತ್ತವೆ, ಮಳೆ ಬಿಟ್ಟ ಮೇಲೆ ವಾಲಿಬಾಲ್, ಕಬಡ್ಡಿ, ಕ್ರಿಕೆಟ್ ತಂಡಗಳು ಜೆರ್ಸಿ ಕೇಳುತ್ತವೆ. ಇವು ಮುಂಗಡ ಕೊಟ್ಟು ಮಾಡಿಸುವ ವ್ಯಾಪಾರ, ಉಳಿಯುವ ಮಾಲಿಲ್ಲ. ಜಾತ್ರೆಯ ಅಂಗಡಿ ಈ ಗಿರಾಕಿಗಳನ್ನು ಹಿಡಿಯುವ ಜಾಗ. ಕೊಂಡ ಅಂಗಿಯ ಜೊತೆ ಫೋನ್ ನಂಬರಿನ ಚೀಟಿ ಹೋಗದಿದ್ದರೆ ಅರ್ಧ ವ್ಯಾಪಾರ ಅಲ್ಲೇ ಬಿಟ್ಟಂತೆ. ಮಳೆಗಾಲದಲ್ಲಿ ಮರೆಯಬಾರದ್ದು ಫಿಲ್ಮನ್ನು ಗಾಳಿಯಾಡದ ಕವರಿನಲ್ಲಿಡುವುದು. ಗೋಡೆಯೇ ಬೆವರುವ ಊರಿನಲ್ಲಿ ತೇವ ಹಿಡಿದ ಅಂಟು ಬಟ್ಟೆಗೆ ಸರಿಯಾಗಿ ಹತ್ತುವುದಿಲ್ಲ. ಹಾಗೆಯೇ ಕೊಂಡವರಿಗೂ ಒಂದು ಮಾತು ಹೇಳಿ ಕಳಿಸಬೇಕು: ಒಂದು ದಿನ ಬಿಟ್ಟು ತಿರುವಿ ಒಗೆಯಿರಿ, ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಬೇಡಿ, ಬ್ರಷ್ ಹಾಕಬೇಡಿ.

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಮಹಿಳೆಯರು ಅಡಿಕೆ ಚೊಗರಿನ ಬಣ್ಣ ಹಾಕಿ ಕೈಮಗ್ಗದ ಬಟ್ಟೆ ನೇಯುವ ಸೀಮೆಯಲ್ಲಿ ಪ್ಲಾಸ್ಟಿಕ್ ಅಂಟಿಸಿದ ಹೊರ ಊರಿನ ಅಂಗಿಯೇ ಎಂದು ಮೂಗು ಮುರಿಯುವವರೂ ಇರಬಹುದು. ಎರಡೂ ಒಂದೇ ಗಿರಾಕಿಯ ಒಂದೇ ಅಗತ್ಯಕ್ಕೆ ಹೋಗುವ ವಸ್ತುಗಳಲ್ಲ, ನಿಜ. ಆದರೂ ಈ ಆಕ್ಷೇಪದಲ್ಲಿ ಹುರುಳಿದೆ: ಅಂಗಿ ಹೊರಗಿನದು, ಫಿಲ್ಮ್ ಹೊರಗಿನದು, ಊರಿನಲ್ಲಿ ಉಳಿಯುವುದು ಒತ್ತಿದ ಕೂಲಿ ಮತ್ತು ಚಿತ್ರದ ಬೆಲೆ ಎರಡೇ. ಹಾಗಿದ್ದ ಮೇಲೆ ಚಿತ್ರವನ್ನೂ ಅಂತರ್ಜಾಲದಿಂದ ಎತ್ತಿದರೆ ಕೂಲಿಯೊಂದೇ ಗತಿ. ಸಿನಿಮಾ ನಟರ ಮುಖ, ಐಪಿಎಲ್ ತಂಡದ ಲಾಂಛನ ಹಾಕಿದರೆ ಸುಲಭವಾಗಿ ಹೋಗುತ್ತದೆ, ಜಾತ್ರೆಯಲ್ಲಿ ಯಾರು ಕೇಳುತ್ತಾರೆ ಎಂಬ ಧೈರ್ಯವೂ ಇರುತ್ತದೆ. ಲಾಂಛನಕ್ಕೆ 1999ರ ಟ್ರೇಡ್ ಮಾರ್ಕ್ ಕಾಯ್ದೆ ಇದೆ, ಚಿತ್ರ ಮತ್ತು ಬರಹಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ತೀರ್ಥಹಳ್ಳಿಯಲ್ಲಿ ಕುವೆಂಪು ಅವರ ಸಾಲು ಅಂಗಿಯ ಮೇಲೆ ಹಾಕುವ ಆಸೆ ಯಾರಿಗೂ ಹುಟ್ಟುವಂಥದ್ದೇ. ಕವಿ ತೀರಿಕೊಂಡದ್ದು 1994ರಲ್ಲಿ, ಲೇಖಕನ ಮರಣಾನಂತರ ಅರವತ್ತು ವರ್ಷದ ನಿಯಮದಂತೆ 2054ರ ಕೊನೆಯವರೆಗೆ ಅವರ ಬರಹಕ್ಕೆ ಹಕ್ಕುದಾರರಿದ್ದಾರೆ. ದೇವಿಯ ಮುಖವನ್ನು ಬೆವರುವ ಅಂಗಿಗೆ ಹಾಕುವುದಕ್ಕೆ ಕಾಯ್ದೆಗಿಂತ ಮೊದಲು ಊರಿನವರೇ ಅಡ್ಡ ಬಂದಾರು. ಉಳಿದದ್ದು ಕಡಿಮೆಯೇನಲ್ಲ. ಇಕ್ಕೇರಿ ದೇಗುಲದ ರೇಖಾಚಿತ್ರವಿದೆ, ಅಡಿಕೆ ಗೊನೆ ಇದೆ, ಊರಿನ ಹೆಸರನ್ನೇ ಚೆಂದದ ಅಕ್ಷರದಲ್ಲಿ ಬರೆಸಬಹುದು. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಗೆ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದ ನೇರ ಗೆರೆಗಳು ಕೆಂಪು ಅಂಗಿಯ ಮೇಲೆ ಬಿಳಿಯಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತವೆ. ಯಾರದೋ ಮನೆಯ ಗೋಡೆಯ ಫೋಟೊ ಹೊಡೆದು ಅದನ್ನೇ ಅಚ್ಚು ಹಾಕುವ ಬದಲು ಬರೆಯಬಲ್ಲವರಿಂದ ಕಾಗದದ ಮೇಲೆ ಬರೆಸಿ, ಅಂಗಿಗೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಬೇಕು. ಎಷ್ಟು ಅಂಗಿ ಒತ್ತಿದೆ ಎಂಬ ಲೆಕ್ಕ ಖರ್ಚಾದ ಫಿಲ್ಮಿನಲ್ಲೇ ಸಿಗುವುದರಿಂದ ಆ ಮಾತಿನಲ್ಲಿ ತಕರಾರಿಗೆ ಆಸ್ಪದ ಕಡಿಮೆ.