ಅರಸೊತ್ತಿಗೆ ಮತ್ತು ಜವಾಬ್ದಾರಿ ಸರ್ಕಾರ

ಒಂದು ವಂಶದಲ್ಲಿ ಹುಟ್ಟಿದವನು ಆ ಹುಟ್ಟಿನ ಕಾರಣದಿಂದಲೇ ರಾಜ್ಯಕ್ಕೆ ಬಾಧ್ಯನಾಗುವ ಪದ್ಧತಿಗೆ ಅರಸೊತ್ತಿಗೆಯೆಂದು ಹೆಸರು. ಯೋಗ್ಯತೆಯ ಪ್ರಶ್ನೆ ಅಲ್ಲಿ ಅನಂತರದ್ದು. 1894ರಲ್ಲಿ ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ಮೈಸೂರಿನ ಸಿಂಹಾಸನವು ಹತ್ತು ವರ್ಷದ ಬಾಲಕನಿಗೆ ಬಂದಿತು. 1902ರವರೆಗೆ ಅವನ ತಾಯಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು, ರಾಜಪ್ರತಿನಿಧಿಯಾಗಿ ಆಳಿದರು. ಆ ಬಾಲಕನೇ ಮುಂದೆ ಕನ್ನಂಬಾಡಿಯ ಕಟ್ಟೆಯನ್ನೂ ಮೈಸೂರು ವಿಶ್ವವಿದ್ಯಾನಿಲಯವನ್ನೂ ನಾಡಿಗೆ ನೀಡಿದ ನಾಲ್ವಡಿ ಕೃಷ್ಣರಾಜ ಒಡೆಯರು. ಗಾಂಧೀಜಿಯವರಿಂದ ರಾಜರ್ಷಿಯೆನಿಸಿಕೊಂಡ ದೊರೆ ಅವರು. ಇದು ನಾಡಿನ ಭಾಗ್ಯ. ಆದರೆ ಎಲ್ಲ ಬಾಲಕರೂ ಹಾಗೆಯೇ ಬೆಳೆಯುವರೆಂದು ಯಾರು ಹೇಳಬಲ್ಲರು?

ಆಳಿಸಿಕೊಳ್ಳುವವರ ಮಾತಿಗೆ ಈ ಪದ್ಧತಿಯಲ್ಲಿ ಎಷ್ಟು ಬೆಲೆ ಎಂಬುದನ್ನೂ ನೋಡಬೇಕು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡರು; 1881ರಲ್ಲಿ ಅದನ್ನು ಒಡೆಯರ ಮನೆತನಕ್ಕೆ ಮರಳಿಸಿದರು. ಎರಡು ಸಲವೂ ಕಂದಾಯ ಕೊಡುವ ರೈತನ ಒಪ್ಪಿಗೆಯನ್ನು ಕೇಳಿದವರಿಲ್ಲ. ಅದೇ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಭಾರತದ ಸಂಸ್ಥಾನಗಳಲ್ಲಿ ಇದು ಅಪೂರ್ವವಾದ ಹೆಜ್ಜೆ. ಸದಸ್ಯರು ದಸರೆಯ ಸಮಯದಲ್ಲಿ ಸೇರಿ ಕೆರೆ, ರಸ್ತೆ, ಶಾಲೆಗಳ ಬಗೆಗೆ ಅಹವಾಲು ಹೇಳಿಕೊಳ್ಳಬಹುದಾಗಿತ್ತು. ದಿವಾನರನ್ನು ಪದವಿಯಿಂದ ಇಳಿಸುವಂತಿರಲಿಲ್ಲ. ದಿವಾನರು ಉತ್ತರ ಹೇಳಬೇಕಾಗಿದ್ದುದು ಮಹಾರಾಜರಿಗೆ, ಸಭೆಗಲ್ಲ.

‘ಜವಾಬ್ದಾರಿ ಸರ್ಕಾರ’ವೆಂಬ ಬೇಡಿಕೆ ಹುಟ್ಟಿದ್ದು ಇಲ್ಲಿಯೇ. ಮಂತ್ರಿಗಳು ಜನರ ಪ್ರತಿನಿಧಿಗಳಿಗೆ ಲೆಕ್ಕ ಒಪ್ಪಿಸಬೇಕೆಂಬುದು ಅದರ ಅರ್ಥ. ಅರಮನೆಗೆ ಸಮೀಪದ ನಂಜನಗೂಡು ಸೀಮೆಯಲ್ಲಿಯೂ ಈ ಗಾಳಿ ಬೀಸಿತು. ತಗಡೂರಿನ ರಾಮಚಂದ್ರರಾಯರು ಖಾದಿಯನ್ನು ಹಳ್ಳಿಗಳಿಗೆ ಒಯ್ದ ಗಾಂಧೀವಾದಿಗಳು. ಸ್ವಾತಂತ್ರ್ಯದ ಚಳವಳಿಯಲ್ಲಿ ಮುಂದೆ ನಿಂತವರು. ದೊರೆಯನ್ನು ಗೌರವಿಸುತ್ತಲೇ ಅವನ ಸರ್ಕಾರವನ್ನು ಪ್ರಶ್ನಿಸುವುದು ಆಗಿನ ಜನರಿಗೆ ಎಷ್ಟು ಕಷ್ಟವಾಗಿತ್ತೆಂಬುದನ್ನು ಇಂದು ನಾವು ಊಹಿಸಲಾರೆವು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಹಲವರು ಮಡಿದರು. ದೊರೆ ರಾಜರ್ಷಿಯಾಗಿದ್ದ ಕಾಲದಲ್ಲಿಯೇ ಇದು ನಡೆಯಿತೆಂಬುದನ್ನು ಮರೆಯಬಾರದು.

1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿಯಿತು. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಆರಂಭವಾಯಿತು. ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಜಯಚಾಮರಾಜ ಒಡೆಯರು 1950ರಲ್ಲಿ ರಾಜಪ್ರಮುಖರಾದರು. 1956ರಲ್ಲಿ ವಿಸ್ತೃತ ಮೈಸೂರು ರಾಜ್ಯದ ರಾಜ್ಯಪಾಲರಾದರು. ಈ ಪದವಿಗೆ ನೇಮಿಸುವವರು ರಾಷ್ಟ್ರಪತಿಗಳು. 1964ರಲ್ಲಿ ಅವರು ಮದರಾಸಿನ ರಾಜ್ಯಪಾಲರಾಗಿ ಮೈಸೂರಿನಿಂದ ಹೊರಟರು.