ಪರ್ವತ ಸರೋವರಗಳ ನಡುವೆ ಏಕಾಕಿ ಸಂಚಾರ

ಸಾಹಸವೆಂಬ ಶಬ್ದಕ್ಕೆ ಪೂರ್ವಿಕರು ಎರಡು ಅರ್ಥಗಳನ್ನು ಇಟ್ಟಿದ್ದರು. ಧೈರ್ಯದ ಕಾರ್ಯವೆಂಬುದು ಒಂದು. ಹಿಂದುಮುಂದು ನೋಡದೆ ನುಗ್ಗುವ ದುಡುಕೆಂಬುದು ಇನ್ನೊಂದು. ಧರ್ಮಶಾಸ್ತ್ರಕಾರರಂತೂ ಬಲಾತ್ಕಾರದ ಅಪರಾಧಗಳನ್ನೇ ಸಾಹಸವೆಂಬ ಹೆಸರಿನಿಂದ ಎಣಿಸಿರುವರು. ಈಗಿನ ಕನ್ನಡದಲ್ಲಿ ಮೊದಲನೆಯ ಅರ್ಥವೇ ಮುಂದಾಗಿ ಎರಡನೆಯದು ಮರೆಯಾಗುತ್ತ ಬಂದಿದೆ. ಬೆನ್ನಿಗೆ ಬುತ್ತಿ ಬಟ್ಟೆಗಳ ಚೀಲವೊಂದನ್ನು ಏರಿಸಿ, ಜೊತೆಗಾರರಿಲ್ಲದೆ, ದಾರಿಯಿಲ್ಲದ ಬೆಟ್ಟಗಳಲ್ಲಿ ಎರಡು ಮೂರು ದಿನ ಸಂಚರಿಸಿ ಬರುವ ವಾಡಿಕೆಯನ್ನು ಕುರಿತು ವಿಚಾರಿಸುವಾಗ ಈ ಎರಡು ಅರ್ಥಗಳೂ ನೆನಪಿನಲ್ಲಿರುವುದು ಲೇಸು. ನಮ್ಮ ನಾಡಿನ ಅನೇಕ ಮನೆಗಳ ಮಕ್ಕಳು ಈಗ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ನೆಲೆಸಿರುವುದರಿಂದ, ಅಲ್ಲಿಯ ಬೆಟ್ಟಗಳ ಮಾತು ದೂರದೇಶದ ವಾರ್ತೆಯೆಂದು ಬದಿಗಿಡತಕ್ಕುದಲ್ಲ.

ಆ ಸಂಸ್ಥಾನದ ಪೂರ್ವಭಾಗದಲ್ಲಿ ಸಿಯೆರಾ ನೆವಾಡಾ ಎಂಬ ಪರ್ವತಪಂಕ್ತಿಯುಂಟು. ಸ್ಪೇನ್ ದೇಶದ ಭಾಷೆಯಲ್ಲಿ ಈ ಹೆಸರಿಗೆ ಹಿಮದ ಬೆಟ್ಟಸಾಲೆಂದು ಅರ್ಥ. ನಮ್ಮ ಹಿಮಾಲಯವೆಂಬ ಹೆಸರಿಗೆ ನೆಂಟನೇ ಸರಿ. ಪುರಾತನಕಾಲದ ಹಿಮನದಿಗಳು ಬಂಡೆಯನ್ನು ಕೊರೆದು ಮಾಡಿದ ಬೋಗುಣಿಗಳಲ್ಲಿ ನೀರು ನಿಂತು ಅಸಂಖ್ಯ ಸರೋವರಗಳಾಗಿವೆ. ಅಲ್ಲಿ 13,143 ಅಡಿ ಎತ್ತರದ ರಿಟರ್ ಶಿಖರವೂ, ಅದರ ದಕ್ಷಿಣಕ್ಕೆ ಮಿನರೆಟ್ಸ್ ಎಂಬ, ಗೋಪುರಗಳಂತೆ ಚೂಪಾದ ಶಿಖರಗಳ ಸಾಲೂ ನಿಂತಿವೆ. ಇವುಗಳ ಪೂರ್ವದ ತಪ್ಪಲಿನಲ್ಲಿ ಎಡಿಜಾ, ಐಸ್‌ಬರ್ಗ್, ಸೆಸಿಲ್, ಮಿನರೆಟ್ ಎಂಬ ನಾಲ್ಕು ಸರೋವರಗಳು ಒಂದರ ಬಳಿಯೊಂದು ಇರುವುವು.

ಆಗ್ನ್ಯೂ ಮೆಡೋಸ್ ಎಂಬ ಹುಲ್ಲುಗಾವಲಿನಿಂದ ಎಡಿಜಾದವರೆಗೆ ಸುಮಾರು 7 ಮೈಲಿ ಒಳ್ಳೆಯ ಕಾಲುದಾರಿಯಿದೆ. ಅಲ್ಲಿಂದ ಐಸ್‌ಬರ್ಗ್ ಸರೋವರಕ್ಕೆ ಹೋಗುವ ಜಾಡು ಕಿರಿದು. ಅದರಾಚೆ ಜಾಡೂ ಅಳಿದು, 10,000 ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿರುವ ಸೆಸಿಲ್ ಸರೋವರದವರೆಗೆ ಉರುಳುಬಂಡೆಗಳ ಕಡಿದಾದ ಏರು. ಬೇಸಗೆಯ ಆರಂಭದಲ್ಲಿ ಈ ಇಳಿಜಾರಿನ ಮೇಲೆ ಹಿಮವು ಗಟ್ಟಿಯಾಗಿ ಕೂತಿರುವುದುಂಟು; ಕಾಲು ಜಾರಿದವನು ಕೆಳಗಿನ ತಣ್ಣೀರಿಗೇ ಹೋಗಿ ಬೀಳುವನು. ಸೆಸಿಲ್‌ನಿಂದ ಮಿನರೆಟ್ ಸರೋವರಕ್ಕೆ ಇಳಿದ ಬಳಿಕ ಮತ್ತೆ ದಾರಿ ಸಿಕ್ಕಿ, ಡೆವಿಲ್ಸ್ ಪೋಸ್ಟ್‌ಪೈಲ್ ಎಂಬ ಕಲ್ಲುಕಂಬಗಳ ಸ್ಥಳಕ್ಕೆ ಮುಟ್ಟಿಸುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವನ್ನು ಕಂಡವರಿಗೆ ಲಾವಾರಸ ತಣಿದು ಆದ ಇಂಥ ಕಂಬಗಳ ಪರಿಚಯವಿರುವುದು. ಇಡೀ ಪಯಣದಲ್ಲಿ ದಾರಿಯಿಲ್ಲದ ಭಾಗವು ಅತ್ಯಲ್ಪ. ಆದರೆ ಕಷ್ಟವೆಲ್ಲ ಅಲ್ಲಿಯೇ ಕೂಡಿದೆ.

ಈ ಸರೋವರಗಳ ನೆರೆಯಲ್ಲಿಯೇ 1933ರಲ್ಲಿ ಒಂದು ದುಃಖದ ಘಟನೆ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದ ತರುಣ ವಕೀಲ ವಾಲ್ಟರ್ ಸ್ಟಾರ್ ಎಂಬಾತ ಈ ಪರ್ವತಗಳನ್ನು ಚೆನ್ನಾಗಿ ಬಲ್ಲವನು. ಜಾನ್ ಮ್ಯೂರ್ ಟ್ರೇಲ್ ಎಂಬ ದೀರ್ಘ ಕಾಲುದಾರಿಗೆ ಮಾರ್ಗದರ್ಶಿ ಗ್ರಂಥವನ್ನು ಸಿದ್ಧಪಡಿಸುತ್ತಿದ್ದವನು. ಆತ ಒಬ್ಬನೇ ಹೋದನು. ತಂದೆಯೊಡನೆ ಸೇರುವೆನೆಂದು ಗೊತ್ತುಮಾಡಿದ್ದ ದಿನ ಬರಲಿಲ್ಲ, ಕೆಲಸಕ್ಕೂ ಮರಳಲಿಲ್ಲ. ಹುಡುಕಹೋದವರಿಗೆ ಎಡಿಜಾ ಸರೋವರದ ಸಮೀಪದಲ್ಲಿ ಆತನ ಬಿಡಾರ ಸಿಕ್ಕಿತು. ಆದರೆ ಅಲ್ಲಿಂದ ಯಾವ ಶಿಖರದ ಕಡೆಗೆ ಹೋದನೆಂಬುದು ತಿಳಿಯದೆ ಒಂದೊಂದನ್ನೇ ಏರಿ ನೋಡಬೇಕಾಯಿತು.

ಉಳಿದವರು ಹಿಂದಿರುಗಿದ ಮೇಲೂ ಹುಡುಕುತ್ತ ನಿಂತವರು ನಾರ್ಮನ್ ಕ್ಲೈಡ್. ಇವರು ಹಿಂದೆ ಒಂದು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಬೆಟ್ಟಕ್ಕೆ ಹೊರುವ ಭಾರವಾದ ಹೊರೆಯಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಪುಸ್ತಕಗಳನ್ನೂ ಇಟ್ಟುಕೊಳ್ಳುತ್ತಿದ್ದವರು. ಆಗಸ್ಟ್ 25ರಂದು ಮೈಕೇಲ್ ಮಿನರೆಟ್ ಎಂಬ ಶಿಖರದ ಮೇಲೆ, ಹಾರಿಹೋದ ನೊಣಗಳ ಸುಳಿವು ಹಿಡಿದು ನೋಡಿದಾಗ, ತರುಣನ ದೇಹವು ಬಂಡೆಯ ಚಾಚೊಂದರಲ್ಲಿ ಕಂಡಿತು. ಅಲ್ಲಿಯೇ ಕಲ್ಲುಗಳನ್ನು ಪೇರಿಸಿ ಸಮಾಧಿ ಮಾಡಿದರು. ಒಂಟಿಯಾಗಿ ಹೋದವನನ್ನು ಕಡೆಗೆ ಕಂಡವರೂ ಒಂಟಿಯಾಗಿ ತಿರುಗಬಲ್ಲವರೇ ಎಂಬುದನ್ನು ವಾಚಕರು ಗಮನಿಸಬೇಕು. ಮಗನು ಅರ್ಧಕ್ಕೆ ಬಿಟ್ಟಿದ್ದ ಗ್ರಂಥವನ್ನು ತಂದೆಯು ಪೂರ್ಣಗೊಳಿಸಿ 1934ರಲ್ಲಿ ಹೊರತರಿಸಿದರು. ಅದನ್ನು ಕೈಯಲ್ಲಿ ಹಿಡಿದು ಎಷ್ಟೋ ಮಂದಿ ಕ್ಷೇಮವಾಗಿ ಹೋಗಿಬಂದರು. ಇದಕ್ಕಿಂತ ಮಿಗಿಲಾದ ತರ್ಪಣವನ್ನು ನಾವು ಅರಿಯೆವು.

ಹಾಗಾದರೆ ಮಕ್ಕಳನ್ನು ತಡೆಯಬೇಕೆ? ತಡೆಯಬೇಕೆಂದು ನಮಗೆ ತೋರುವುದಿಲ್ಲ. ಪ್ರತಿಯೊಂದು ಹೆಜ್ಜೆಯನ್ನೂ ತಾನೇ ನಿಶ್ಚಯಿಸಿ ಇಡುವವನಿಗೆ ಚಿತ್ತದ ಏಕಾಗ್ರತೆಯು ಬೋಧನೆಯಿಲ್ಲದೆಯೇ ಲಭಿಸುವುದು. ಆದರೆ ಅದಕ್ಕೆ ನಿಯಮಗಳುಂಟು. ಎತ್ತರದ ರೇಖೆಗಳುಳ್ಳ ನಕಾಶೆಯನ್ನು ಓದಲು ಮನೆಯಲ್ಲಿಯೇ ಕಲಿತಿರಬೇಕು. ಭಾರ ಹಾಕುವ ಮುನ್ನ ಬಂಡೆಯು ಅಲುಗುವುದೇ ಎಂದು ಪರೀಕ್ಷಿಸಬೇಕು. ಇಳಿಯಲಾಗದ ಕಡೆ ಏರಬಾರದು. ಹಿಮ ಕರಗಿ ಹರಿಯುವ ಹಳ್ಳಗಳು ಮಧ್ಯಾಹ್ನದ ಮೇಲೆ ತುಂಬುವುದರಿಂದ ಬೆಳಗ್ಗೆಯೇ ದಾಟಬೇಕು. ಗುಡುಗು ಮಿಂಚು ಕಾಣುವ ಮೊದಲೇ ಎತ್ತರದಿಂದ ಇಳಿದಿರಬೇಕು. ಅಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆಯ ರಹದಾರಿಯೂ, ಆಹಾರವಿಡಲು ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯೂ ಬೇಕು. ದೂರವಾಣಿ ಮುಟ್ಟದ ಸ್ಥಳದಿಂದ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಣ್ಣ ಯಂತ್ರಗಳು ಈಗ ಬಂದಿವೆ. ಒಳ್ಳೆಯದೇ; ಆದರೆ ಪ್ರಜ್ಞೆ ತಪ್ಪಿ ಬಿದ್ದವನು ಯಂತ್ರವನ್ನು ಒತ್ತಲಾರನು.

ಆದುದರಿಂದ ಮಗನಾಗಲಿ ಮಗಳಾಗಲಿ ಹೊರಡುವೆನೆಂದಾಗ ಗೃಹಸ್ಥರು ಬೇಡವೆನ್ನುವುದಕ್ಕೆ ಬದಲಾಗಿ ಮೂರು ಪ್ರಶ್ನೆಗಳನ್ನು ಕೇಳಲಿ. ಯಾವ ದಿನ ಯಾವ ಸರೋವರದ ಬಳಿ ಇರುವೆ? ಹವೆ ಕೆಟ್ಟರೆ ಎಲ್ಲಿಂದ ಹಿಂದಿರುಗುವೆ? ಹೇಳಿದ ಹೊತ್ತಿಗೆ ಸುದ್ದಿ ಬಾರದಿದ್ದರೆ ನಾವು ಯಾರಿಗೆ ತಿಳಿಸಬೇಕು? ಉತ್ತರಗಳನ್ನು ಕಾಗದದ ಮೇಲೆ ಬರೆಯಿಸಿಕೊಂಡು, ಮನೆಯವರೆಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯ ಪಂಚಾಂಗದ ಪಕ್ಕದಲ್ಲಿ ತೂಗುಹಾಕಲಿ.